ವ್ಯಾನಿನ ಗುಟ್ಟು ಕೇಳಿದವನು

ಪೋರ್ಚುಗಲ್ಲಿನ ಕಡಲತೀರದ ಊರೊಂದರ ಪೊಲೀಸ್ ಠಾಣೆ. ಗುರುತಿನ ಚೀಟಿ ಕಳೆದ ದೂರು ಕೊಡಲು ಕಾದು ಕೂತಿದ್ದ ಇದಾಲಿನಾ ಎಂಬಾಕೆಗೆ ಪಕ್ಕದ ಬೆಂಚಿನ ವಯಸ್ಸಾದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬೆಳಿಗ್ಗೆ ಇಬ್ಬರೂ ಈಜಿ ಬರುವಷ್ಟರಲ್ಲಿ ಮಲಗಲು, ಅಡುಗೆ ಮಾಡಲು ಸೌಕರ್ಯವಿದ್ದ ಅವರ ಕ್ಯಾಂಪರ್ ವ್ಯಾನ್ ಮಾಯವಾಗಿತ್ತು.

“ಸ್ಟೇರಿಂಗಿಗೆ ಬೀಗ, ಚಕ್ರಕ್ಕೆ ಬೀಗ, ಬಾಗಿಲಿಗೆ ಎರಡು ಬೀಗ. ಇಷ್ಟಿದ್ರೂ ಹೆಂಗೆ ಒಯ್ದ ಅಂತೀನಿ?” ಎಂದ ಗಂಡ.

“ಪಕ್ಕದ ವ್ಯಾನಿನವನಿಗೆ ನಿನ್ನೆ ಎಲ್ಲಾ ತೋರಿಸಿದ್ರಲ್ಲ ರೀ.”

“ಪಾಪ, ಕಳ್ಳರ ಭಯ, ಏನ್ಮಾಡ್ಲಿ ಅಂತ ಕೇಳ್ದ ಕಣೇ.”

“ಇಂಜಿನ್ ಸ್ಟಾರ್ಟ್ ಆಗದಂಗೆ ಮಾಡೋ, ಸೀಟಿನ ಕೆಳಗಿನ ಗುಪ್ತ ಸ್ವಿಚ್ಚೂ ತೋರಿಸಿದ್ರಿ.”

“ಅದು ನನ್ನ ಸ್ವಂತ ಐಡಿಯಾ! ಅದನ್ನೇ ತೋರಿಸದಿದ್ರೆ ಹೆಂಗೆ?”

“ಇನ್ನೊಂದು ಕೀಲಿಗೊಂಚಲು ಬಂಪರ್ ಹಿಂದಿದೆ ಅಂತಾನೂ ಹೇಳಿದ್ರಿ.”

“ಅವನು ಎಷ್ಟು ಹೊಗಳ್ದ ಗೊತ್ತಾ? ಮೂವತ್ತೆಂಟು ವರ್ಷದಲ್ಲಿ ನೀನು ಒಂದ್ಸಲನಾದ್ರೂ ನನ್ನ ಮಾತು ಕೇಳಿದ್ದೀಯಾ?”

“ಒಂದ್ಸಲ ಕೇಳ್ದೆ. ಮನೆ ಮಾರಿ ಆ ವ್ಯಾನ್ ತಗೊಂಡ್ವಿ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಗಂಡ ಕೂತಲ್ಲಿಂದ ಏಳಲಿಲ್ಲ. ಹೆಂಡತಿಯೇ ತೋಳು ಹಿಡಿದು ಎಬ್ಬಿಸಿದಳು.

“ಬನ್ನಿ. ಯಾರ ಮೇಲೆ ಅನುಮಾನ ಅಂತ ಕೇಳಿದ್ರೆ ಮೊದಲು ಆ ಪಕ್ಕದ ವ್ಯಾನಿನವನ ಹೆಸರು ಹೇಳಿ. ಆಮೇಲೆ ನಿಮ್ಮ ಹೆಸರು ನಾನು ಹೇಳ್ತೀನಿ.”