ಮೆಟ್ಟಿಲ ಮೇಲೆ ಕೂತವಳು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕರೆಂಟೂ ಹೋಯಿತು. ಕೊಡೆ ಹೊಲಿಯುವ ಅಂಗಡಿಯ ಮೇಲಿನ ಮನೆಯಲ್ಲಿ ಮೊಮ್ಮಕ್ಕಳೆಲ್ಲ ಒಂದೇ ಕಂಬಳಿಯೊಳಗೆ ತೂರಿಕೊಂಡು ಅಜ್ಜಿಯ ಮುಖ ನೋಡಿದರು. ಅವಳು ಕಾಲು ಚಾಚಿ, ಗಂಟಲು ಸರಿಮಾಡಿಕೊಂಡಳು.

“ಆಮೇಲೆ ಹೆದರಿಕೆ ಆಯ್ತು ಅಂತ ನನ್ನ ಸೆರಗು ಹಿಡ್ಕೋಬಾರ್ದು, ಆಯ್ತಾ? ಇದು ನಿಮ್ಮಮ್ಮನ ಕತೆ... ಅವಳಿಗಾಗ ಏಳು ವರ್ಷ. ಹೆತ್ತ ತಾಯಿ ತೀರ್ಕೊಂಡಿದ್ಲು. ಅವಳಪ್ಪ, ಅಂದ್ರೆ ನನ್ನ ತಮ್ಮ, ಹಡಗಿನ ಕೆಲಸದವನು. ಮಗೂನ ತಂದು ನನ್ನ ಮಡಿಲಿಗೆ ಹಾಕಿ, ‘ಅಕ್ಕಾ, ನೋಡ್ಕೋ’ ಅಂತ ಹೇಳಿ ಸಮುದ್ರಕ್ಕೆ ಹೋದ. ಆ ಮಗು ಅಲ್ಲೀತನಕ ನಮ್ಮ ಮುಖಾನೇ ಕಂಡಿರ್ಲಿಲ್ಲ. ನನ್ನ ಅತ್ತೆ ಅನ್ನಲ್ಲ, ನಮ್ಮಣ್ಣನ್ನ ದೊಡ್ಡಪ್ಪ ಅನ್ನಲ್ಲ, ನೀರು ಬೇಕಾದ್ರೆ ಗೋಡೆ ನೋಡ್ಕೊಂಡು ಕೇಳೋಳು... ನಗ್ತೀರಾ? ಮನೆ ತುಂಬ ಜನ ಇದ್ದು, ಒಬ್ರೂ ತನ್ನೋರಲ್ಲ ಅನ್ಸಿದ್ರೆ ಹೆಂಗಿರುತ್ತೆ, ಹೇಳಿ ನೋಡೋಣ?

ಒಂದಿನ ಮಟಮಟ ಮಧ್ಯಾಹ್ನ, ಕೆಳಗೆ ಹೊಲಿಗೆ ಮಿಷನ್ನುಗಳ ಗಲಾಟೇಲಿ ಯಾರಿಗೂ ಗೊತ್ತಾಗದ ಹಾಗೆ, ಬಟ್ಟೆ ಗಂಟು ಕಟ್ಕೊಂಡು ಹಿಂದಿನ ಮೆಟ್ಟಿಲಿಳಿದು ಹೊರಟೇಬಿಟ್ಲು. ಎಲ್ಲಿಗೆ? ಅಪ್ಪನ ಹಡಗು ಹುಡುಕೋಕೆ! ಅರ್ಧ ಇಳಿದಿದ್ದಾಳೆ... ಯಾರೋ ಮುದುಕಿ ದಾರಿಗಡ್ಡ ಕೂತಿದ್ದಾಳೆ. ‘ಹೋಗೋಳು ಹೋಗೇ, ಆದ್ರೆ ಯಾರನ್ನ ಬಿಟ್ಟು ಹೋಗ್ತಿದೀಯ ಅಂತ ತಿಳ್ಕೊಂಡು ಹೋಗು’ ಅಂದ್ಲಂತೆ. ಆಮೇಲೆ ಶುರು... ‘ಆ ಕೂಗುಮಾರಿ ಇದಾನಲ್ಲ, ನಿನ್ನ ದೊಡ್ಡಪ್ಪ, ಮೀಸೆ ಚಿಗುರೋ ತನಕ ಹಾಸಿಗೆ ಒದ್ದೆ ಮಾಡ್ತಿದ್ದ. ನಿನ್ನತ್ತೆ ಹಲ್ಲಿ ಕಂಡ್ರೆ ಮಂಚ ಹತ್ತೋಳು...’ ಹೂಂ, ನಾನೇ ಕಣ್ರೋ! ‘ನಿನ್ನಪ್ಪ, ಈಗ ಹಡಗೇರಿರೋ ಶೂರ, ಬಕೆಟ್ ನೀರು ಕಂಡ್ರೂ ಕಿರುಚ್ತಿದ್ದ...’ ಮಗು ನಕ್ತು. ಈ ಮನೇಲಿ ಅದೇ ಮೊದಲ ನಗು. ಗಂಟು ಎತ್ಕೊಂಡು ವಾಪಸ್ ಮೇಲೆ ಬಂತು.

ಊಟಕ್ಕೆ ಕೂತಿದ್ದೀವಿ. ‘ದೊಡ್ಡಪ್ಪಾ, ಮೀಸೆ ಚಿಗುರೋ ತನಕ ಹಾಸಿಗೆ ಒದ್ದೆ ಮಾಡ್ತಿದ್ಯಂತೆ, ಹೌದಾ?’

ನನ್ನಣ್ಣ ಎತ್ತಿದ ತುತ್ತು ಬಾಯಿ ಮುಟ್ಟಲಿಲ್ಲ. ಯಾಕೆ ಗೊತ್ತಾ? ಆ ಗುಟ್ಟು ಒಡಹುಟ್ಟಿದ ನನಗೇ ಗೊತ್ತಿರ್ಲಿಲ್ಲ. ಬೆಳಕು ಹರಿಯೋಕೆ ಮುಂಚೆ ಎದ್ದು, ಯಾರ ಕಣ್ಣಿಗೂ ಬೀಳದ ಹಾಗೆ ಅವನ ಹೊದಿಕೆ ಒಗೀತಿದ್ದೋಳು ನಮ್ಮಮ್ಮ. ಅವಳು ಸತ್ತಿದ್ದು, ಈ ಮಗು ಹುಟ್ಟೋಕೆ ಎಷ್ಟೋ ಮೊದಲು...

‘ಯಾರು ಹೇಳಿದ್ದು ಕಂದಾ?’

‘ಹಿಂದಿನ ಮೆಟ್ಟಿಲ ಮೇಲೆ ಕೂತಿರ್ತಾಳಲ್ಲ, ಆ ಅಜ್ಜಿ.’

ಅಣ್ಣ ಎಂಜಲು ಕೈಯಲ್ಲೇ ಎದ್ದು ಹೋದ. ಗುಡುಗಿನಂಥ ಮನುಷ್ಯ, ಖಾಲಿ ಮೆಟ್ಟಿಲ ಮೇಲೆ ಕುಸಿದು, ‘ಅಮ್ಮಾ... ನನ್ನ ಹತ್ರಾನೂ ಒಂದು ಮಾತಾಡೇ’ ಅಂತ ಗೊಳೋ ಅಂತ ಅತ್ತ. ನಮ್ಮ ಕಣ್ಣಿಗೆ ಏನೂ ಇಲ್ಲ. ನಿಮ್ಮಮ್ಮ ಮಾತ್ರ ನನ್ನ ಕೈ ಹಿಡ್ಕೊಂಡು ಮೆಲ್ಲಗೆ ಅಂದ್ಲು, ‘ಅತ್ತೆ, ದೊಡ್ಡಪ್ಪಂಗೆ ಅಳಬೇಡ ಅನ್ನು. ಅಜ್ಜಿ ಅವನ ತಲೆ ಸವರ್ತಾನೇ ಇದ್ದಾಳೆ.’

ಮತ್ತೆಂದೂ ಅವಳು ಓಡಿಹೋಗೋ ಮಾತಾಡಲಿಲ್ಲ. ನನ್ನ ಮಗ್ಗುಲಲ್ಲೇ ಬೆಳೆದ್ಲು. ದೊಡ್ಡೋಳಾದ ಮೇಲೆ ಅಜ್ಜಿ ಅವಳಿಗೂ ಕಾಣ್ಲಿಲ್ಲ.”

ಕಂಬಳಿ ಇನ್ನಷ್ಟು ಬಿಗಿಯಾಯಿತು. “ಹಂಗಾದ್ರೆ... ಹೋಗ್ಬಿಟ್ಲಾ?” ಅಂದಳು ಹಿರಿಯ ಮೊಮ್ಮಗಳು.

ಅಜ್ಜಿ ತನ್ನ ತೊಡೆಯ ಮೇಲೆ ನಿದ್ದೆಹೋಗಿದ್ದ ಕಿರಿಯವನ ಕೂದಲು ಸರಿಮಾಡಿದಳು.

“ಇವತ್ತು ಬೆಳಿಗ್ಗೆ ಇವನು ಹಿಂದಿನ ಮೆಟ್ಟಿಲ ಕಡೆಯಿಂದ ಓಡಿಬಂದು ನನ್ನ ‘ಬುಡ್ಡೀ’ ಅಂತ ಕರೆದ. ನಾನು ಚಿಕ್ಕೋಳಿದ್ದಾಗ ನಮ್ಮಮ್ಮ ನನ್ನ ಹಂಗೆ ಕರೀತಿದ್ಲು... ಆ ಹೆಸರು ಗೊತ್ತಿರೋರು, ನನ್ನ ಬಿಟ್ರೆ, ಯಾರೂ ಬದುಕಿಲ್ಲ ಮಕ್ಕಳಾ.”