ಕೆರಿಯಮ್ಮ ಒರೆಸಿದ ಚಿತ್ರ

ಸಾಗರದ ಬಸ್ ನಿಲ್ದಾಣದಲ್ಲಿ ನಾನು ಜೋಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ, ಗೋಡೆಗೆ ಚಿತ್ತಾರ ಬರೆಯುವ ಕೆರಿಯಮ್ಮನೆಂಬ ವೃದ್ಧೆಯೂ ಆಕೆಯ ಮೊಮ್ಮಗಳು ಸುಷ್ಮಾಳೂ ಕುಳಿತಿದ್ದರು. ಬೆಂಗಳೂರಿಗೆ ಬಂದಿದ್ದ, ಸ್ಪಷ್ಟ ಗೆರೆಗಳಿಲ್ಲದೆ ಬಣ್ಣ ಬಳಿದ ಇಂಪ್ರೆಷನಿಸ್ಟ್ ಚಿತ್ರಗಳ ಪ್ರದರ್ಶನವನ್ನು ನೋಡಿ ಅವರು ಊರಿಗೆ ಮರಳುತ್ತಿದ್ದರು.

“ನಿಂಗೆ ಯಾವ್ದು ಹಿಡಿಸ್ತು ಅಜ್ಜಿ?”

“ಹುಲ್ಲಿನ ಬಣವೆ. ನಮ್ಮ ಕಣದಾಗೆ ಇದ್ದಂಗೇ ಇತ್ತು. ನಿಂಗೆ?”

“ತಾವರೆ ಕೆರೆ. ಅದ್ಸರಿ, ನಿನ್ನೆಯಿಂದ ಯಾಕೆ ಮುಖ ಸಪ್ಪಗೆ ಮಾಡ್ಕಂಡಿದೀಯ?”

“ಬೈಬಾರ್ದು ಮತ್ತೆ. ಬಣವೆ ಬುಡದಾಗೆ ಬಣ್ಣ ಕದಡಿತ್ತು. ಹಸಿ ಇದ್ದಾಗ ಯಾರೋ ಕೈ ತಾಗಿಸ್ಯಾರೆ ಅಂತ, ಸೆರಗು ಒದ್ದೆ ಮಾಡಿ ಒರೆಸ್ಬಿಟ್ಟೆ.”

“ಅಯ್ಯೋ! ಒರೆಸಿದ್ಯಾ?”

“ಚಿತ್ತಾರದಾಗೆ ಗೆರೆ ಕೆಟ್ರೆ ನಾವು ಹೆಣ್ಮಕ್ಳು ಹಂಗೇ ಅಲ್ವೇನೆ ಒರೆಸಿ ತಿದ್ದೋದು? ನೀನು ಕೆರೆ ಚಿತ್ರದ ಮುಂದೆ ನಿಂತಿದ್ದೆ. ಕಾವಲಿನವ್ನು ಕೂಗಿದ, ನಾನು ಓಡ್ಬಂದೆ. ಪೊಲೀಸ್ರು ಊರಿಗೇ ಬತ್ತಾರೇನೋ.”

“ಸೆರಗು ತೋರ್ಸು. ಬಣ್ಣ ಎಲ್ಲೈತೆ?”

“ಇಲ್ಲ. ನಾನೂ ಹುಡುಕಿದೆ.”

“ಎಲ್ಲಿಂದ ಬತ್ತದೆ? ಚಿತ್ರದ ಮುಂದೆ ಗಾಜು ಐತೆ ಅಜ್ಜಿ. ನೀನು ಒರೆಸಿದ್ದು ಗಾಜನ್ನ!”

ಕೆರಿಯಮ್ಮ ದೀರ್ಘವಾಗಿ ಉಸಿರು ಬಿಟ್ಟರು.

“ಚಿತ್ರಕ್ಕೆ ಏನೂ ಆಗಿಲ್ವಾ?”

“ಏನೂ ಆಗಿಲ್ಲ. ಗಾಜು ಚೊಕ್ಕ ಆಗೈತೆ, ಅಷ್ಟೇ.”

“ನಮ್ಮಪ್ಪಾ! ಈಗ ಒಂದು ಚಾ ಕುಡೀಬೋದು ಅನ್ನಿಸ್ತದೆ.”

“ಚಾ ಮನೇಲಿ ಕುಡಿ. ಬಸ್ ಬಂತು, ಏಳು.”

ಕೆರಿಯಮ್ಮ ಮೊಮ್ಮಗಳ ಭುಜ ಹಿಡಿದು ಎದ್ದರು. ಮೆಟ್ಟಿಲ ಬಳಿ ಅವರ ಕಾಲು ನಿಂತಿತು.

“ಹಂಗಾದ್ರೆ ಬಣ್ಣ ಕದಡಿದ್ದು ಹಂಗೇ ಐತಾ?”

“ಐತೆ. ಆ ಚಿತ್ರಗಾರ್ರು ಬರೆಯೋದೇ ಹಂಗೆ.”

“ಪಾಪ,” ಎಂದು ಕೆರಿಯಮ್ಮ ಬಸ್ಸು ಹತ್ತಿದರು. “ಮನೆಯಾಗೆ ತಿದ್ದಿ ಹೇಳೋ ಹೆಣ್ಮಕ್ಳು ಇರ್ಲಿಲ್ಲ ಕಾಣ್ತದೆ.”