ಕೇಳಿಸದ ನಂಬರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಫೋನಿನಲ್ಲಿ ಮಾತು ಮುಗಿಸಿದ್ದೇ ತಡ, ಎದುರಿಗಿದ್ದ ಮುದುಕರು ದನಿ ಗುರುತು ಹಿಡಿದರು.

“ರೇಡಿಯೋ ಪದ್ಮಿನಿ ಅಲ್ವಾ ನೀನು? ನಾನು ಧನಗೆರೆ ಚಿಕ್ಕಸಿದ್ದಯ್ಯ. ಕೆರೆ ಮಣ್ಣ ಯಾರು ಸಾಗಿಸ್ತಾವ್ರೆ ಅಂತ ನೀನು ರೇಡಿಯೋಲಿ ಕೇಳುದ್ ಮಾರ್ನೆ ದಿನದಿಂದ ನಿಮ್ ಸ್ಟೇಷನ್ನೇ ಬತ್ತಾ ಇಲ್ವಲ್ಲವ್ವ.”

“ಸ್ಟೇಷನ್ ನಂಬರ್ ಬದ್ಲಾಗದೆ ತಾತ. ಅಳೇ ನಂಬರ್‌ನ ಬೇರೆಯೋರ್ಗೆ ಕೊಟ್ರಂತೆ. ಡೆಲ್ಲಿಯಿಂದ ಕಾಗ್ದ ಬಂದದಂತೆ.”

“ಕಾಗ್ದ ನೀನು ನೋಡ್ದಾ?”

“ಇಲ್ಲ, ಮ್ಯಾನೇಜರ್ ಏಳುದ್ರು.”

“ಅಳೇ ನಂಬರ್‌ಲಿ ಈಗ ಯಾರ್ ಮಾತಾಡ್ತಾವ್ರೆ?”

“ಯಾರೂ ಇಲ್ಲ. ದಿನಾ ರೇಡಿಯೋ ಆಕಿ ನೋಡ್ತೀನಿ, ಬರೀ ಗೊರಗೊರ ಅಂತದೆ.”

“ಒಸ ನಂಬರ್ ಯಾವ್ದು?”

“ಇನ್ನೂ ಟೆಸ್ಟಿಂಗು, ಯಾರ್ಗೂ ಏಳ್ಬ್ಯಾಡ ಅಂದವ್ರೆ.”

“ಅಂಗಾದ್ರೆ ನೀನು ಮಾತಾಡೋದು ಯಾರ್ಗವ್ವ ಕೇಳಿಸ್ತದೆ?”

ಯಳಂದೂರಿನ ಬಸ್ಸು ಬಂದಾಗ ಅವಳು ಎದ್ದು, ಬ್ಯಾಗಿನಿಂದ ಪೆನ್ನು ತೆಗೆದು, ಮುದುಕರ ಅಂಗೈ ಮೇಲೇ ಹೊಸ ನಂಬರು ಬರೆದಳು.

“ನಾಳೆ ಬೆಳಗ್ಗೆ ಏಳು ಗಂಟೆಗೆ ಆಕು ತಾತ. ಊರೋರ್ಗೆಲ್ಲ ಏಳು. ಆ ಕೆರೆ ಇಸ್ಯಾನೇ ಮಾತಾಡ್ತೀನಿ.”

ಅವಳು ಬಸ್ಸು ಹತ್ತಿದಳು. ಮುದುಕರು ಬೆವರಿಗೆ ಅಳಿಸೀತೆಂದು ಕೈ ಚಾಚಿಕೊಂಡೇ ಧನಗೆರೆ ಬಸ್ಸಿನ ಕಡೆ ನಡೆದರು.